ಕಪ್ಪು-ಕಿತ್ತಳೆ ನೊಣಹಿಡುಕ: ಶೋಲಾ ಕಾಡಿನ ನೆಲಮಟ್ಟದ ಹಕ್ಕಿ

ಕಪ್ಪು-ಕಿತ್ತಳೆ ನೊಣಹಿಡುಕ ಪಶ್ಚಿಮ ಘಟ್ಟಗಳ ದಕ್ಷಿಣ ಭಾಗವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪುಟ್ಟ ಹಾಡುಹಕ್ಕಿ. ವೈಜ್ಞಾನಿಕ ಹೆಸರು ಫಿಸಿಡ್ಯುಲ ನೈಗ್ರೊರೂಫ. ಗುಬ್ಬಚ್ಚಿ ಗಣದ ಮಸ್ಸಿಕ್ಯಾಪಿಡೆ ಕುಟುಂಬಕ್ಕೆ ಸೇರಿದ್ದು. ನೀಲಗಿರಿ, ಪಳನಿ, ಆನೈಮಲೈ ಬೆಟ್ಟಗಳ ಶೋಲಾ ಕಾಡುಗಳು ಇದರ ಮುಖ್ಯ ನೆಲೆ. ಉತ್ತರದ ಕಡೆ ಕೊಡಗು, ಬಿಳಿಗಿರಿರಂಗನ ಬೆಟ್ಟ ಮತ್ತು ಬಾಬಾಬುಡನ್‌ಗಿರಿಗಳಲ್ಲೂ ಕಂಡುಬಂದಿದೆ. ಹಕ್ಕಿ ಪುಸ್ತಕಗಳು ಇದನ್ನು ಶೋಲಾ ಕಾಡಿನ ಹಕ್ಕಿ ಎಂದು ಕರೆದು ಮುಂದೆ ಹೋಗುತ್ತವೆ. ಆ ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ. ಇದರ ಬಣ್ಣ, ಬೇಟೆ, ಗೂಡು, ಹಂಚಿಕೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇದು ಶೋಲಾದ ಮರಗಳಿಗಿಂತ ಹೆಚ್ಚಾಗಿ ಆ ಮರಗಳ ಬುಡದಲ್ಲಿರುವ ತೇವದ ಪೊದೆಪದರವನ್ನು ನಂಬಿ ಬದುಕುವ ಹಕ್ಕಿ ಎಂಬುದು ಸ್ಪಷ್ಟವಾಗುತ್ತದೆ. ಮರದ ನೆತ್ತಿಯನ್ನು ಮೇಲಿನಿಂದ ನೋಡಿ ಕಾಡನ್ನು ಅಳೆಯುವ ನಮ್ಮ ರೂಢಿಯಲ್ಲಿ ಈ ಹಕ್ಕಿಯ ಬದುಕು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಈ ಲೇಖನದ ವಾದ.

ಹಕ್ಕಿ ಉದ್ದದಲ್ಲಿ ಸುಮಾರು 11ರಿಂದ 13 ಸೆಂಟಿಮೀಟರ್, ಮನೆಗುಬ್ಬಿಗಿಂತ ಚಿಕ್ಕದು. ಗಂಡಿನ ತಲೆ ಮತ್ತು ರೆಕ್ಕೆಗಳು ಅಚ್ಚ ಕಪ್ಪು, ಬೆನ್ನು, ಎದೆ, ಬಾಲ ಹೊಳೆಯುವ ಕೆಂಗಿತ್ತಳೆ. ಹೆಣ್ಣಿನ ಮೈಯೂ ಕಿತ್ತಳೆಯೇ, ಸ್ವಲ್ಪ ಮಂಕು. ತಲೆ ಕಂದು, ರೆಕ್ಕೆ ಕಡುಗಂದು, ಕಣ್ಣಿನ ಸುತ್ತ ತಿಳಿಬಣ್ಣದ ಉಂಗುರ. ಇದೇ ಕುಲದ ಬಂಧುಗಳ ಜೊತೆ ಹೋಲಿಸಿದಾಗ ಈ ವೇಷದ ವಿಶೇಷ ತಿಳಿಯುತ್ತದೆ. ಫಿಸಿಡ್ಯುಲ ಕುಲದ ಗಂಡುಗಳಲ್ಲಿ ಕಪ್ಪು-ಬಿಳುಪು ಇಲ್ಲವೇ ನೀಲಿಯ ಜೋಡಣೆ ಸಾಮಾನ್ಯ. ಕಿತ್ತಳೆ ಇದ್ದರೂ ಅದು ಗಂಟಲಿಗೋ ಎದೆಗೋ ಮೀಸಲು. ಹಲವು ಜಾತಿಗಳಲ್ಲಿ ಬಾಲದ ಬುಡದಲ್ಲಿ ಬಿಳಿ ಮಚ್ಚೆಗಳಿದ್ದು, ಹಕ್ಕಿ ಬಾಲ ಬಿಚ್ಚಿದಾಗ ಮಿಂಚುತ್ತವೆ. ಬೆನ್ನೆಲ್ಲ ಕಿತ್ತಳೆಯಾಗಿರುವುದು ಇಡೀ ಕುಲದಲ್ಲಿ ಇದೊಂದಕ್ಕೇ, ಬಾಲದಲ್ಲಿ ಆ ಬಿಳಿಯೂ ಇಲ್ಲ. ಚಿತ್ರದಲ್ಲಿ ಕಣ್ಣು ಕುಕ್ಕುವ ಈ ಬಣ್ಣ ಶೋಲಾದ ಒಳಗಿನ ಮಬ್ಬಿನಲ್ಲಿ, ಕೊಳೆಯುತ್ತಿರುವ ಕೆಂಚು ತರಗೆಲೆಯ ಹಿನ್ನೆಲೆಯಲ್ಲಿ, ಅಷ್ಟೇನೂ ಎದ್ದು ಕಾಣುವುದಿಲ್ಲ. ಬಣ್ಣ ಬಂದದ್ದು ಅಡಗುವುದಕ್ಕೋ ಜೊತೆಗಾತಿಯನ್ನು ಸೆಳೆಯುವುದಕ್ಕೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಅವಸರವಾದೀತು. ಹೆಣ್ಣಿನ ಮೈಯೂ ಬಹುಪಾಲು ಅದೇ ಬಣ್ಣದ್ದಾಗಿರುವುದರಿಂದ ಕೇವಲ ಆಕರ್ಷಣೆಯ ವಿವರಣೆ ಸಾಲದು ಎಂಬಷ್ಟನ್ನು ಹೇಳಬಹುದು.

ಈ ವೇಷ ಮತ್ತು ನಡವಳಿಕೆ ವರ್ಗೀಕರಣಕಾರರನ್ನು ಬಹುಕಾಲ ಗೊಂದಲಕ್ಕೆ ಕೆಡವಿತು. ಹಕ್ಕಿಯನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಮದ್ರಾಸ್ ಸೇನೆಯ ವೈದ್ಯ ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್, 1839ರಲ್ಲಿ. ದಕ್ಷಿಣ ಭಾರತದ ಹಲವು ಹಕ್ಕಿಗಳ ಮೊದಲ ವಿವರಣೆ ಅವನದೇ. ಮುಂದೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್ ಇದಕ್ಕೆಂದೇ ಓಕ್ರೊಮೆಲ ಎಂಬ ಪ್ರತ್ಯೇಕ ಕುಲ ಕಟ್ಟಿದ. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲೆ ತಮ್ಮ ಹತ್ತು ಸಂಪುಟಗಳ ಕೈಪಿಡಿಯಲ್ಲಿ ಇದನ್ನು ಮಸ್ಸಿಕ್ಯಾಪ ಎಂಬ ದೊಡ್ಡ ಕುಲದೊಳಗೆ ಸೇರಿಸಿದರು. ನೆಲದ ಹತ್ತಿರ ಓಡಾಡುವ ರೀತಿ ಕಂಡು ಇದರ ನಂಟು ಚಾಟ್ ಮತ್ತು ಥ್ರಷ್ ಹಕ್ಕಿಗಳ ಜೊತೆಗಿರಬಹುದೆಂಬ ಊಹೆಯೂ ಇತ್ತು. ಡಿಎನ್ಎ ಹೋಲಿಕೆ ಶುರುವಾದ ಮೇಲೆ ಇದು ಫಿಸಿಡ್ಯುಲ ಕುಲದ್ದೇ ಎಂಬುದು ನೆಲೆಗೊಂಡಿತು. ಹಳಬರು ಎಡವಿದರೆಂದು ಇಲ್ಲಿ ಹೇಳಬೇಕಿಲ್ಲ. ಅವರು ಗಮನಿಸಿದ್ದು ನಿಜವಾದ ಸಂಗತಿಯನ್ನೇ. ಕುಲದಿಂದ ನೊಣಹಿಡುಕವಾದ ಈ ಹಕ್ಕಿ ಬದುಕುವ ಬಗೆಯಲ್ಲಿ ನೆಲದ ಹಕ್ಕಿಗಳ ಕಡೆಗೆ ಬಹಳ ದೂರ ಸರಿದಿದೆ. ಅದರ ಮೈಯಲ್ಲಿ ಕಂಡ ವಿಚಿತ್ರವೆಲ್ಲ ಈ ಸರಿಯುವಿಕೆಯ ಗುರುತು ಎಂದು ಓದಿದರೆ ಹಳೆಯ ಗೊಂದಲವೂ ನಮಗೆ ಸಾಕ್ಷ್ಯವಾಗುತ್ತದೆ.

ಈ ಹಕ್ಕಿಯೊಂದನ್ನೇ ಹಿಡಿದು ಆಳವಾಗಿ ಅಧ್ಯಯನ ಮಾಡಿದವರು ಬಾಂಗ್ಲಾದೇಶದ ಪ್ರಾಣಿಶಾಸ್ತ್ರಜ್ಞ ಅಲಿ ರೆಜಾ ಖಾನ್. 1970ರ ದಶಕದಲ್ಲಿ ಸಲೀಂ ಅಲಿಯವರ ಮಾರ್ಗದರ್ಶನದಲ್ಲಿ ಇದರ ಜೀವನಕ್ರಮವನ್ನೇ ಅವರು ತಮ್ಮ ಡಾಕ್ಟರೇಟ್ ವಿಷಯವಾಗಿ ಆರಿಸಿಕೊಂಡರು. ಇದರ ಬಗ್ಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಒಂದೇ ಕಡೆಗೆ ಬೊಟ್ಟು ಮಾಡುತ್ತದೆ. ಹಕ್ಕಿ ಒಂಟಿಯಾಗಿ ಅಥವಾ ಜೋಡಿಯಾಗಿ, ನೆಲದಿಂದ ಆಳೆತ್ತರದೊಳಗೆ, ಪೊದೆ, ಜರಿಗಿಡ, ಓಟೆ ಬಿದಿರಿನ ಹಿಂಡಿಲುಗಳಲ್ಲಿ ಕಾಲ ಕಳೆಯುತ್ತದೆ. ತಗ್ಗಿನ ಕಡ್ಡಿಯ ಮೇಲೆ ಕೂತು ಕೀಟಕ್ಕೆ ಹಾರಿ ಮರಳುತ್ತದೆ, ಎಲೆಯ ಮೇಲಿನದನ್ನು ಹೆಕ್ಕುತ್ತದೆ, ನೆಲಕ್ಕಿಳಿದು ತರಗೆಲೆಯ ಮೇಲಿಂದಲೂ ಹುಳ ಹಿಡಿಯುತ್ತದೆ. ಶೋಲಾದಲ್ಲಿ ಇದರ ಜೊತೆಗಿರುವ ಇತರ ನೊಣಹಿಡುಕಗಳನ್ನು ನೋಡಿದರೆ ಹಂಚಿಕೆ ಇನ್ನೂ ಸ್ಪಷ್ಟ. ನೀಲಿ ಮೈಯ ನೀಲಗಿರಿ ನೊಣಹಿಡುಕ ಹೆಚ್ಚಾಗಿ ಮರಗಳ ನಡು ಮತ್ತು ಮೇಲಿನ ರೆಂಬೆಗಳಲ್ಲಿ. ಹಳದಿ ಹೊಟ್ಟೆಯ ಬೂದುತಲೆ ನೊಣಹಿಡುಕ ನಡುಮಟ್ಟದ ತೆರಪುಗಳಲ್ಲಿ. ತಳದ ಅಂತಸ್ತು ಕಪ್ಪು-ಕಿತ್ತಳೆಯದು. ಇದರ ದನಿಯೂ ಕಾಡಿನ ತಳಕ್ಕೆ ಹೊಂದುವಂಥದ್ದು: ಏರುದನಿಯ, ಲೋಹದಂಥ ಚಿಕ್ಕ ಉಲಿಗಳು, ಹೊಸಬರು ಕೀಟದ ಸದ್ದೆಂದೇ ಭಾವಿಸಿಬಿಡುವಷ್ಟು ಸಣ್ಣವು.

ಗೂಡು ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಆಧಾರ. ಫಿಸಿಡ್ಯುಲ ಕುಲದ ಬಹುಪಾಲು ಹಕ್ಕಿಗಳು ಮರದ ಪೊಟರೆಯಲ್ಲೋ ಬಿರುಕಿನಲ್ಲೋ ಬಟ್ಟಲಿನಂಥ ಗೂಡು ಮಾಡುತ್ತವೆ. ಅಂಥ ಹಕ್ಕಿಗೆ ಹಳೆಯ ದಪ್ಪ ಮರ ಬೇಕು; ಬುಡದಲ್ಲಿ ಏನು ಬೆಳೆದಿದೆ ಎಂಬುದು ಎರಡನೆಯ ಮಾತು. ಕಪ್ಪು-ಕಿತ್ತಳೆ ನೊಣಹಿಡುಕ ಜೊಂಡುಹುಲ್ಲು, ಜರಿಗಿಡ, ಬಿದಿರೆಲೆಗಳನ್ನು ಸಡಿಲವಾಗಿ ಸುತ್ತಿ, ಪಕ್ಕದಲ್ಲಿ ಬಾಗಿಲಿರುವ ದೊಡ್ಡ ಚೆಂಡಿನಾಕಾರದ ಗೂಡನ್ನು ತಗ್ಗು ಪೊದೆಯಲ್ಲಿ, ನೆಲದಿಂದ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕೆಳಗೆ ಕಟ್ಟುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಗೂಡಿನ ಕಾಲ. ಸಾಮಾನ್ಯವಾಗಿ ಎರಡೇ ಮೊಟ್ಟೆ. ಗೂಡಿನ ಸಾಮಗ್ರಿ, ಜಾಗ, ಮರೆ ಮೂರನ್ನೂ ಅದೇ ಪೊದೆಪದರ ಒದಗಿಸಬೇಕು. ನೂರು ವರ್ಷದ ಮರಗಳು ನಿಂತಿದ್ದು ಬುಡ ಮಾತ್ರ ಬೋಳಾಗಿದ್ದರೆ ಈ ಹಕ್ಕಿಗೆ ಅಲ್ಲಿ ಸಂಸಾರ ಹೂಡುವ ದಾರಿಯೇ ಇಲ್ಲ. ಎರಡೇ ಮೊಟ್ಟೆ ಇಡುವ ಹಕ್ಕಿಗೆ ಒಂದು ಋತು ಕೈತಪ್ಪಿದರೆ ಅದನ್ನು ತುಂಬಿಕೊಳ್ಳುವುದು ಕಷ್ಟ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇದು ವಲಸೆ ಹೋಗುವ ಹಕ್ಕಿಯಲ್ಲ. ಇದೇ ಕುಲದ ಕಾಶ್ಮೀರ ನೊಣಹಿಡುಕ ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಶ್ರೀಲಂಕಾಕ್ಕೂ ನೀಲಗಿರಿಗೂ ಬರುತ್ತದೆ. ಅಷ್ಟು ದೂರ ಹಾರಬಲ್ಲ ವಂಶದಲ್ಲಿ ಹುಟ್ಟಿಯೂ ಕಪ್ಪು-ಕಿತ್ತಳೆ ಒಂದೇ ಬೆಟ್ಟದ ಒಂದೇ ಕಣಿವೆಯಲ್ಲಿ ವರ್ಷವಿಡೀ ಉಳಿಯುತ್ತದೆ. ಇದರ ಪರಿಣಾಮ ಭೂಪಟದಲ್ಲಿ ಕಾಣುತ್ತದೆ. ಮುಖ್ಯವಾಗಿ 1,500 ಮೀಟರಿಗಿಂತ ಮೇಲಿನ ಎತ್ತರಗಳಲ್ಲಿ, ಅಪರೂಪಕ್ಕೆ ಅದಕ್ಕಿಂತ ಕೆಳಗೆ ಇರುವ ಈ ಹಕ್ಕಿಯ ನೆಲೆ ಒಂದೇ ಹಾಸಲ್ಲ, ಬಿಡಿಬಿಡಿ ಬೆಟ್ಟನೆತ್ತಿಗಳ ಸರಣಿ. ನಡುವಿನ ಕಣಿವೆಗಳು ಬೆಚ್ಚಗೆ, ಒಣಗಿ, ಬೇರೆಯೇ ಗಿಡಮರಗಳಿಂದ ತುಂಬಿವೆ. ನೀಲಗಿರಿಗೂ ಆನೈಮಲೈಗೂ ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಪಾಲಕ್ಕಾಡ್ ಕಂದರ ಅಡ್ಡ ಬಿದ್ದಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಕಣಿವೆಗಳು ಬೆಟ್ಟದ ಹಕ್ಕಿಗಳನ್ನು ಹೇಗೆ ಬೇರ್ಪಡಿಸುತ್ತವೆ ಎಂದು ಪರೀಕ್ಷಿಸಿತು. ಘಟ್ಟಗಳ 23 ಜಾತಿಗಳ 356 ಹಕ್ಕಿಗಳ ಅನುವಂಶಿಕ ಮಾಹಿತಿಯಲ್ಲಿ 10 ಜಾತಿಗಳ ಅತಿ ಹಳೆಯ ಒಡಕು ಪಾಲಕ್ಕಾಡ್ ಕಂದರಕ್ಕೇ ಹೊಂದಿಕೊಂಡಿತ್ತು. ಉಳಿದ ಬಹುಪಾಲು ಜಾತಿಗಳಿಗೆ ಕಣಿವೆಗಳು ಅಡ್ಡಿಯಾಗಿರಲಿಲ್ಲ ಎಂಬುದೂ ಅದೇ ಅಧ್ಯಯನದ ಮಾತು. ಆದ್ದರಿಂದ ಬೆಟ್ಟದ ಹಕ್ಕಿಯೆಂದ ಕೂಡಲೇ ಪ್ರತಿಯೊಂದು ಶಿಖರದಲ್ಲೂ ಬೇರೆ ಬೇರೆ ವಂಶವೆಂದು ಬಗೆಯುವುದು ಸಲ್ಲದು. ಆದರೂ ನೆಲಮಟ್ಟದ ಪೊದೆ ಬಿಟ್ಟು ಹೊರಬರದ, ವಲಸೆಯ ಅಭ್ಯಾಸವಿಲ್ಲದ ಹಕ್ಕಿಯೊಂದು ಒಂದು ಬೆಟ್ಟದಿಂದ ಅಳಿದರೆ ಪಕ್ಕದ ಬೆಟ್ಟದಿಂದ ಮತ್ತೆ ಬಂದು ನೆಲೆಸುವುದು ಸುಲಭವಲ್ಲ ಎಂಬ ಅನುಮಾನಕ್ಕೆ ಇಷ್ಟು ಸಾಕು.

ಶೋಲಾ ಎಂಬುದು ಎತ್ತರದ ಕಣಿವೆ, ಮಡಿಲು, ತೊರೆಗಳ ಬದಿಯಲ್ಲಿ ಬೆಳೆಯುವ ಗಿಡ್ಡನೆಯ ನಿತ್ಯಹರಿದ್ವರ್ಣ ಕಾಡು. ಅದರ ಸುತ್ತ ದಿಣ್ಣೆಗಳ ಮೇಲೆಲ್ಲ ಹುಲ್ಲುಗಾವಲು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮೇಲಿನ ನೀಲಗಿರಿಯ ತೆರೆದ ಹುಲ್ಲಿನ ಮೇಲೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ, ಹಗಲು ಬಿಸಿಲು ಚುರುಗುಟ್ಟುತ್ತದೆ. ಶೋಲಾದ ಒಳಗೆ ಈ ಏರಿಳಿತ ತೀರಾ ಕಡಿಮೆ. ಪಾಚಿ ಹೊದ್ದ ಕಾಂಡಗಳು, ಮಂಜಿನಿಂದ ಹನಿಯುವ ಎಲೆಗಳು, ದಪ್ಪ ತರಗೆಲೆಯ ಹಾಸು ಸೇರಿ ಮಳೆಯಿಲ್ಲದ ತಿಂಗಳುಗಳಲ್ಲೂ ನೆಲವನ್ನು ಒದ್ದೆಯಾಗಿ ಇಡುತ್ತವೆ. ಮಲೆನಾಡಿನಲ್ಲಿ ದರಗು ಎನ್ನುವ ಈ ಉದುರೆಲೆಯ ಹಾಸಿನಲ್ಲೇ ಜೇಡ, ಜೀರುಂಡೆ, ಸಣ್ಣ ನೊಣಗಳ ಸಂತತಿ ಸಾಗುತ್ತದೆ. ಕಪ್ಪು-ಕಿತ್ತಳೆಯ ಗೂಡಿನ ಕಾಲ ಶುರುವಾಗುವುದು ಇಂಥ ಒಣ ತಿಂಗಳುಗಳ ಕೊನೆಗೆ, ಕಾಫಿ ಬೆಳೆಗಾರರು ಹೂಮಳೆಗೆ ಕಾಯುವ ದಿನಗಳಲ್ಲಿ. ಹೊರಗೆ ಬೆಟ್ಟ ಒಣಗಿ ನಿಂತಾಗ ಒಳಗೆ ಮರಿಗಳಿಗೆ ಹುಳ ಸಿಗುವಂತೆ ಮಾಡುವುದು ಆ ತೇವವೇ. ಹಕ್ಕಿಯನ್ನು ಎತ್ತರಕ್ಕೆ ಕಟ್ಟಿಹಾಕಿರುವುದು ಚಳಿಯ ಮೇಲಿನ ಪ್ರೀತಿಯಲ್ಲ, ವರ್ಷದ ಹನ್ನೆರಡು ತಿಂಗಳೂ ಆರದ ನೆಲ ಎಂದು ಹೇಳಲು ಇದು ಬಲವಾದ ಕಾರಣ.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಈ ಹಕ್ಕಿ ಶೋಲಾದಲ್ಲಷ್ಟೇ ಇಲ್ಲ; ಕಾಫಿ ಮತ್ತು ಏಲಕ್ಕಿ ತೋಟಗಳಲ್ಲೂ, ಮನುಷ್ಯರು ಬೆಳೆಸಿದ ಪರದೇಶಿ ಮರಗಳ ನೆಡುತೋಪುಗಳಲ್ಲೂ ಕಂಡಿದೆ. ಹಾಗಿದ್ದರೆ ಶೋಲಾಕ್ಕೆ ಇಷ್ಟೊಂದು ಮಹತ್ವ ಏಕೆ? ಉತ್ತರವನ್ನು ಆಕ್ಷೇಪದೊಳಗೇ ಹುಡುಕಬಹುದು. ತೋಟ, ನೆಡುತೋಪುಗಳಲ್ಲಿ ಇದು ಕಾಣಿಸುವುದು ಬುಡದಲ್ಲಿ ಗಿಡಗಂಟಿ ದಟ್ಟವಾಗಿ ಬೆಳೆಯಲು ಬಿಟ್ಟ ಕಡೆ; ಬುಡ ಬಳಿದಿಟ್ಟ ಚಹಾ ತೋಟ ಇದರ ನೆಲೆಯಲ್ಲ. ಅಂದರೆ ಮರದ ಜಾತಿ ಬದಲಾದರೂ ಹಕ್ಕಿ ಸಹಿಸುತ್ತದೆ, ಪೊದೆಪದರ ಹೋದರೆ ಸಹಿಸುವುದಿಲ್ಲ. ಮೊದಲು ಹೇಳಿದ ವಾದವನ್ನು ಇದು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಹಾಗೆಂದು ನೆಡುತೋಪು ಶೋಲಾಕ್ಕೆ ಸಮ ಎನ್ನಲೂ ಆಗದು. ಶೋಲಾದ ಪೊದೆ ತಾನೇ ಹುಟ್ಟಿ ತಾನೇ ಉಳಿಯುತ್ತದೆ; ತೋಪಿನ ಪೊದೆ ಕಟಾವಿನ ಸರದಿ ಬರುವವರೆಗೆ, ತೋಟದ ಪೊದೆ ಕತ್ತಿ ಬೀಳುವವರೆಗೆ. ಒಂದು ವರ್ಷ ಹಕ್ಕಿ ಕಂಡಿತೆಂಬುದರಿಂದ ಅಲ್ಲಿ ಅದು ಮರಿ ಮಾಡಿ ಬಾಳುತ್ತಿದೆ ಎಂದು ತೀರ್ಮಾನಿಸುವುದು ದಿಟ್ಟತನವಾದೀತು. ಪಕ್ಕದ ಶೋಲಾದಲ್ಲಿ ಹುಟ್ಟಿ ಜಾಗ ಸಿಗದ ಹಕ್ಕಿಗಳು ತೋಪಿನ ಅಂಚಿಗೆ ಬಂದು ನಿಲ್ಲುವ ಸಾಧ್ಯತೆ ಯಾವಾಗಲೂ ಇದೆ. ಕಾಣಿಸಿಕೊಳ್ಳುವುದು ಬೇರೆ, ಸಂತತಿ ಬೆಳೆಸುವುದು ಬೇರೆ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಾದವಿದೆ: ಹಕ್ಕಿ ತೋಪುಗಳಿಗೆ ಒಗ್ಗುತ್ತದಾದರೆ ಬೋಳು ಬೆಟ್ಟಗಳ ಮೇಲೆಲ್ಲ ಮರ ನೆಟ್ಟು ಅದರ ನೆಲೆ ಹಿಗ್ಗಿಸಬಾರದೇಕೆ? ಈ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ, ಆದರೆ ಅಪಾಯಕಾರಿ. ಎತ್ತರದ ಹುಲ್ಲುಗಾವಲು ಕಾಡು ಕಡಿದು ಉಳಿದ ಪಾಳುಭೂಮಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೀಲಗಿರಿಯ ಜೌಗುಮಣ್ಣಿನ ಪದರಗಳಲ್ಲಿರುವ ಇಂಗಾಲದ ಐಸೋಟೋಪುಗಳನ್ನು ಅಳೆದು, ಕಳೆದ ಸುಮಾರು 20,000 ವರ್ಷಗಳಲ್ಲಿ ಹವೆ ಒಣಗಿದಾಗ ಹುಲ್ಲು, ತೇವ ಹೆಚ್ಚಿದಾಗ ಕಾಡುಗಿಡಗಳು ಮೇಲುಗೈ ಪಡೆಯುತ್ತ ಬಂದಿರುವುದನ್ನು ತೋರಿಸಿದರು. ಹುಲ್ಲು ಈ ಬೆಟ್ಟಗಳ ಹಳೆಯ ನಿವಾಸಿ. ಅದರ ಮೇಲೆ ಹತ್ತೊಂಬತ್ತನೆಯ ಶತಮಾನದಿಂದ ನೀಲಗಿರಿ ಮರವನ್ನೂ ಆಸ್ಟ್ರೇಲಿಯದ ವ್ಯಾಟಲ್ ಜಾತಿಯ ಅಕೇಶಿಯಾಗಳನ್ನೂ ತಂದು ನೆಟ್ಟರು. ಸ್ವಾತಂತ್ರ್ಯಾನಂತರ ಕಾಗದ, ನಾರು, ಚರ್ಮ ಹದ ಮಾಡುವ ತೊಗಟೆಗಾಗಿ ಇನ್ನೂ ವ್ಯಾಪಕವಾಗಿ ನೆಟ್ಟರು. ವ್ಯಾಟಲ್ ಈಗ ನೆಡದೆಯೇ ಹಬ್ಬುತ್ತಿದೆ. ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ನೆಡುತೋಪು ಮತ್ತು ಕೃಷಿಗೆ ಹೋಗಿದೆ ಎಂದು ಲೆಕ್ಕ ಕೊಟ್ಟಿತು. ಕಪ್ಪು-ಕಿತ್ತಳೆ ನೊಣಹಿಡುಕದ ಹೆಸರು ಹೇಳಿ ಉಳಿದ ಪಾಲನ್ನೂ ಮರಗಳಿಂದ ಮುಚ್ಚಿದರೆ ಹುಲ್ಲನ್ನೇ ನಂಬಿದ ನೀಲಗಿರಿ ಪಿಪಿಟ್‌ನಂಥ ಹಕ್ಕಿಗೆ ಜಾಗವಿರುವುದಿಲ್ಲ. ಅದೂ ಈ ಬೆಟ್ಟಗಳಿಗೇ ಸೀಮಿತವಾದ ಜಾತಿ. ಒಂದೇ ಹಕ್ಕಿಯನ್ನು ಅಳತೆಗೋಲಾಗಿ ಹಿಡಿಯುವುದರ ಮಿತಿ ಇಲ್ಲಿ ಕಾಣುತ್ತದೆ. ಕಪ್ಪು-ಕಿತ್ತಳೆ ಶೋಲಾದ ನೆಲಮಟ್ಟದ ಸ್ಥಿತಿಯನ್ನು ಹೇಳಬಲ್ಲದು, ಇಡೀ ಬೆಟ್ಟದ ಸ್ಥಿತಿಯನ್ನಲ್ಲ.

ಸಮಸ್ಯೆಯ ಬೇರು ನಾವು ಕಾಡೆಂದು ಯಾವುದನ್ನು ಎಣಿಸುತ್ತೇವೆ ಎಂಬಲ್ಲಿದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಮರಗಳ ನೆತ್ತಿಯ ಹರವು ಶೇ. 10ಕ್ಕಿಂತ ಹೆಚ್ಚಿರುವ ಜಾಗವೆಲ್ಲ ಅರಣ್ಯ ಹೊದಿಕೆ. ಒಡೆತನ ಯಾರದ್ದು, ಮರ ಯಾವುದು ಎಂಬುದು ಅದಕ್ಕೆ ಮುಖ್ಯವಲ್ಲ. ದೇಶದ ಹಸಿರಿನ ಒಟ್ಟು ಅಂದಾಜಿಗೆ ಇಂಥ ಅಳತೆ ಬೇಕೇ ಬೇಕು, ಉಪಗ್ರಹ ಮೇಲಿನಿಂದ ನೋಡಬಲ್ಲದ್ದೂ ಅಷ್ಟನ್ನೇ. ತೊಂದರೆ ಬರುವುದು ಈ ಅಂಕಿಯನ್ನೇ ಕಾಡಿನ ಆರೋಗ್ಯದ ಅಂಕಿಯಾಗಿ ಓದಿದಾಗ. ಸಿಲ್ವರ್ ಓಕ್ ನೆರಳಿನ ತೋಟ, ನೀಲಗಿರಿ ತೋಪು, ಶೋಲಾ ಮೂರೂ ಆ ನಕ್ಷೆಯಲ್ಲಿ ಹಸಿರು. ಶೋಲಾದ ಅಂಚಿನಲ್ಲಿ ಸೆಸ್ಟ್ರಮ್‌ನಂಥ ಪರದೇಶಿ ಪೊದೆ ನುಗ್ಗಿ ಸ್ಥಳೀಯ ಜರಿ, ಓಟೆಗಳನ್ನು ಒತ್ತರಿಸಿದರೂ, ದನ ನುಗ್ಗಿ ಬುಡ ತುಳಿದರೂ, ಸೌದೆಗಾಗಿ ಒಳಗಿನ ಗಿಡ ಸವರಿದರೂ ನಕ್ಷೆಯ ಬಣ್ಣ ಬದಲಾಗದು. ತಳದ ಅಂತಸ್ತು ಕುಸಿದ ಮೇಲೂ ವರ್ಷಗಟ್ಟಲೆ ನೆತ್ತಿ ಹಸಿರಾಗಿಯೇ ಇರಬಲ್ಲದು.

ಹಕ್ಕಿ ತನ್ನ ನೆಲೆಯಲ್ಲಿ ಅಪರೂಪವೇನಲ್ಲ, ಒಳ್ಳೆಯ ಶೋಲಾದಲ್ಲಿ ಸಾಕಷ್ಟು ಸಿಗುತ್ತದೆ, ಆದ್ದರಿಂದ ಇಷ್ಟು ಆತಂಕ ಏಕೆ ಎಂದು ಕೇಳುವವರೂ ಇದ್ದಾರೆ. ಹತ್ತಿರ ಹತ್ತಿರ ಅನೇಕ ಜೋಡಿಗಳು ಇರುವುದು ನಿಜ. ಆದರೆ ಒಂದು ಕಣಿವೆಯಲ್ಲಿನ ದಟ್ಟಣೆ ಆ ಕಣಿವೆಯ ಸ್ಥಿತಿಯನ್ನು ಹೇಳುತ್ತದೆ, ಜಾತಿಯ ಭವಿಷ್ಯವನ್ನಲ್ಲ. ಹವೆ ಬೆಚ್ಚಗಾಗುತ್ತ ಹೋದರೆ ಬೆಟ್ಟದ ಜೀವಿಗಳು ಮೇಲಕ್ಕೆ ಸರಿಯಬೇಕು. ಆನೈಮುಡಿ 2,695 ಮೀಟರ್, ದೊಡ್ಡಬೆಟ್ಟ 2,637 ಮೀಟರ್. ಅಲ್ಲಿನ ಹಕ್ಕಿಗಳಿಗೆ ಒಂದಿಷ್ಟು ಅವಕಾಶವಿದೆ. ಬಾಬಾಬುಡನ್ ಸಾಲಿನ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಮಾತ್ರ, ಬಿಳಿಗಿರಿರಂಗನ ಬೆಟ್ಟಗಳೂ ಅದಕ್ಕಿಂತ ಎತ್ತರವಲ್ಲ. ಅಲ್ಲಿಂದ ಮೇಲೆ ಸರಿಯಲು ನೆಲವಿಲ್ಲ, ಪಕ್ಕಕ್ಕೆ ಹಾರಲು ನಡುವೆ ಬಯಲು. ಹೀಗಾಗಿ ಜಾತಿಯ ಉತ್ತರದ ತುದಿಯಲ್ಲಿರುವ ಕರ್ನಾಟಕದ ಈ ಚಿಕ್ಕ ಗುಂಪುಗಳು ನೀಲಗಿರಿಯ ದೊಡ್ಡ ಗುಂಪಿಗಿಂತ ಬಹಳ ಮೊದಲು ತೊಂದರೆಗೆ ಸಿಲುಕಬಹುದು. ನೀಲಗಿರಿಯ ಸಮೃದ್ಧಿ ತೋರಿಸಿ ಚಿಕ್ಕಮಗಳೂರಿನ ಬಗ್ಗೆ ನಿಶ್ಚಿಂತೆಯಿಂದ ಇರಲು ಬರುವುದಿಲ್ಲ.

ಕರ್ನಾಟಕದ ಮಟ್ಟಿಗೆ ಆಗಬೇಕಾದ ಕೆಲಸ ದೊಡ್ಡ ಯೋಜನೆಗಳನ್ನು ಕೇಳುವುದಿಲ್ಲ. ಗಿರಿನೆತ್ತಿಗಳ ಶೋಲಾ ತುಂಡುಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವು ರಸ್ತೆಯ ಪಕ್ಕದಲ್ಲೇ ಇರುವಂಥವು. ಅವುಗಳ ಬುಡ ಸವರದಿರುವುದು, ಒಳಗೆ ಕಾಲುದಾರಿ ಹೆಚ್ಚಿಸದಿರುವುದು, ಬೇಸಿಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಶೋಲಾದ ಅಂಚು ಸುಡದಂತೆ ತಡೆಯುವುದು ಮೊದಲ ಹೆಜ್ಜೆ. ಅವುಗಳಿಗೆ ತಾಗಿಕೊಂಡ ಎತ್ತರದ ಕಾಫಿ ತೋಟಗಳ ಮಾಲೀಕರ ಕೈಯಲ್ಲೂ ದೊಡ್ಡ ಪಾಲಿದೆ: ತೊರೆಯ ಬದಿಯ ಒಂದು ಪಟ್ಟಿಯಲ್ಲಿ ಕಳೆನಾಶಕ ಹೊಡೆಯದೆ, ಮಾರ್ಚ್‌ನಿಂದ ಮೇವರೆಗೆ ಕತ್ತಿಯಾಡಿಸದೆ ಜರಿಗಿಡ ಮತ್ತು ಓಟೆಯನ್ನು ಹಾಗೇ ಬಿಟ್ಟರೆ ಬೆಳೆಗೆ ಆಗುವ ನಷ್ಟ ಅಲ್ಪ, ಶೋಲಾದ ನೆಲಮಟ್ಟ ಅಷ್ಟು ದೂರ ಹೊರಗೆ ಚಾಚುತ್ತದೆ. ಅರಣ್ಯ ಇಲಾಖೆ ಹುಲಿ, ಆನೆಗಳನ್ನು ಎಣಿಸುವಂತೆ ಶೋಲಾದ ಪೊದೆಪದರದ ದಟ್ಟಣೆಯನ್ನೂ ಅದರಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನೂ ನಿಯತವಾಗಿ ದಾಖಲಿಸಬೇಕು. ಆ ದಾಖಲೆ ಬಾಬಾಬುಡನ್‌ಗಿರಿ ಮತ್ತು ಬಿಳಿಗಿರಿರಂಗನ ಬೆಟ್ಟಗಳಿಂದಲೇ ಶುರುವಾಗಲಿ.